ಊಸರವಳ್ಳಿಯ ಚಳಿಗಾಲದ ರಾತ್ರಿ: ಎಷ್ಟು ತಂಪು, ಎಷ್ಟು ತೇವ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನೆಲೆಸಿರುವ ಕನ್ನಡಿಗ ಕೇಳುಗರೊಬ್ಬರು ಈ ಸಂಚಿಕೆಯಲ್ಲಿ ಮಾತಾಡಿದ್ದಾರೆ.)



ಊಸರವಳ್ಳಿ ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನರಿಗೆ ಯಾರೋ ರಾಜಕಾರಣಿ ನೆನಪಾಗಿರ್ತಾರೆ. ಇನ್ನರ್ಧ ಜನರಿಗೆ ಬೇಲಿ ಮೇಲೆ ಕೂತು ತಲೆ ಆಡಿಸೋ ಓತಿಕ್ಯಾತ ನೆನಪಾಗಿರುತ್ತೆ. ಎರಡೂ ಅಲ್ಲ. ನಾನು ಹೇಳ್ತಿರೋದು ನಿಜವಾದ ಊಸರವಳ್ಳಿ, ಅಂದ್ರೆ ಗೋಸುಂಬೆ ಬಗ್ಗೆ. ಎರಡು ಕಣ್ಣನ್ನು ಎರಡು ದಿಕ್ಕಿಗೆ ತಿರುಗಿಸುತ್ತಲ್ಲ, ಇಕ್ಕಳದಂಥ ಕಾಲಲ್ಲಿ ಕೊಂಬೆ ಹಿಡ್ಕೊಂಡು ನಾಲಗೆ ಚಾಚಿ ಹುಳ ಹಿಡಿಯುತ್ತಲ್ಲ, ಅದು.

ನಾನು ಮೂಲತಃ ಕೊಪ್ಪದ ಕಡೆಯವನು. ಈಗ ಇರೋದು ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ. ಇಲ್ಲಿ ಜನವರಿ ರಾತ್ರಿ ಮೈನಸ್ 15, ಮೈನಸ್ 20 ಡಿಗ್ರಿ ಅನ್ನೋದು ಸುದ್ದಿಯೇ ಅಲ್ಲ. 2019ರ ಜನವರಿ ಕೊನೆಯಲ್ಲಂತೂ ಮೈನಸ್ 33ಕ್ಕೆ ಇಳಿದಿತ್ತು. ಇಂಥ ಊರಲ್ಲಿ ಯೆಮೆನ್ ದೇಶ ಮೂಲದ ಒಂದು ಪ್ರಾಣಿಯನ್ನು ಸಾಕೋದು ಹೇಗೆ, ಅದರಲ್ಲೂ ರಾತ್ರಿ ಹೊತ್ತು ಅದನ್ನು ಹೇಗೆ ನೋಡ್ಕೋಬೇಕು ಅನ್ನೋದು ಇವತ್ತಿನ ಮಾತು. ನಾನು ಇದನ್ನು ಕಲಿತಿದ್ದು ಒಂದು ಜೀವ ಕಳ್ಕೊಂಡ ಮೇಲೆ. ಅದಕ್ಕೇ ಹೇಳ್ತಾ ಇದ್ದೀನಿ.

ಮೊದಲು ಒಂದು ಎಚ್ಚರಿಕೆ. ಊರಲ್ಲಿ ಕೇಳ್ತಿರೋರು ದಯವಿಟ್ಟು ಗಮನ ಕೊಡಿ. ನಮ್ಮ ಕರ್ನಾಟಕದ ಕಾಡು, ಕುರುಚಲಲ್ಲಿ ಕಾಣೋ ಭಾರತೀಯ ಊಸರವಳ್ಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅದನ್ನು ಹಿಡಿಯೋದು, ಮಾರೋದು, ಮನೆಯಲ್ಲಿಟ್ಟು ಸಾಕೋದು ಅಪರಾಧ. ರಸ್ತೆ ದಾಟ್ತಾ ಇದ್ರೆ ಗಾಡಿ ನಿಲ್ಲಿಸಿ, ಅದು ದಾಟೋವರೆಗೆ ಕಾಯಿರಿ, ಅಷ್ಟೇ. ವಿದೇಶಿ ಜಾತಿಯ ಊಸರವಳ್ಳಿಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿವೆ. ಅಂಥ ಪ್ರಾಣಿ ಇಟ್ಕೊಂಡವರು 2024ರ ನಿಯಮದ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕಾಗದ ಪತ್ರ ಇಲ್ಲದೆ ಯಾರಾದ್ರೂ ಮಾರ್ತೀನಿ ಅಂದ್ರೆ ಆ ಕಡೆ ತಲೆ ಹಾಕ್ಬೇಡಿ.

ಸರಿ, ಕಥೆಗೆ ಬರೋಣ.

ನನ್ನ ಮೊದಲ ಊಸರವಳ್ಳಿ ಹೆಸರು ರಂಗ. ಬಣ್ಣ ಬದಲಿಸೋನು, ಅದಕ್ಕೆ ರಂಗ. ವೇಲ್ಡ್ ಕಮೀಲಿಯನ್ ಅಂತಾರೆ, ತಲೆ ಮೇಲೆ ಕಿರೀಟದ ಥರ ಎತ್ತರದ ಮೂಳೆ ಇರೋ ಜಾತಿ. ತಂದಿದ್ದು ಜೂನ್ ತಿಂಗಳಲ್ಲಿ. ಬೇಸಿಗೆ ಪೂರ್ತಿ ಚೆನ್ನಾಗಿದ್ದ. ಮಿಡತೆ, ಜೀರುಂಡೆ ಏನು ಕೊಟ್ರೂ ತಿಂತಿದ್ದ. ನವೆಂಬರ್ ಬಂತು, ಹಿಮ ಬಿತ್ತು, ಮನೆ ಹೀಟರ್ ಶುರುವಾಯ್ತು.

ಊರಿಂದ ಅಮ್ಮ ಫೋನ್ ಮಾಡಿದಾಗ ಕೇಳಿದ್ರು: "ಪಾಪ, ಅದಕ್ಕೆ ಚಳಿ ಆಗಲ್ವೇನೋ? ಏನಾದ್ರೂ ಹೊದಿಸು." ನನ್ನ ತಲೆಯಲ್ಲೂ ಅದೇ ಓಡ್ತಿತ್ತು. ಅರಬ್ ದೇಶದ ಪ್ರಾಣಿ ಅಂದ್ರೆ ಮರಳುಗಾಡು, ಮರಳುಗಾಡು ಅಂದ್ರೆ ಬಿಸಿ. ಹಾಗಾಗಿ ಗೂಡಿನ ಮೇಲೆ ರಾತ್ರಿಯೆಲ್ಲ ಉರಿಯೋ ಸೆರಾಮಿಕ್ ಹೀಟರ್ ಇಟ್ಟೆ. ಕತ್ತಲಲ್ಲಿ ಅವನನ್ನು ನೋಡೋಕೆ ಒಂದು ಕೆಂಪು ಬಲ್ಬ್ ಹಾಕಿದೆ. ಜಾಲರಿ ಗೂಡಿಂದ ಬಿಸಿ ಹೊರಗೆ ಹೋಗಬಾರದು ಅಂತ ನಾಲ್ಕೂ ಕಡೆ, ಮೇಲೂ ಸೇರಿಸಿ ಪ್ಲಾಸ್ಟಿಕ್ ಸುತ್ತಿದೆ. ಗಾಳಿ ಒಣಗಿದೆ ಅನ್ನಿಸಿ ಒಂದು ಫಾಗರ್ ತಂದೆ, ಅದೇ ಮಂಜು ಉಗುಳೋ ಯಂತ್ರ. ಅದನ್ನು ಹಗಲು ಹೊತ್ತು, ಬಿಸಿ ಬಲ್ಬ್ ಉರೀತಿರುವಾಗ ಓಡಿಸಿದೆ. ಯಾಕಂದ್ರೆ ಆಗ ನಾನು ಎಚ್ಚರ ಇರ್ತಿದ್ದೆ, ನೋಡೋಕೂ ಚೆನ್ನಾಗಿರ್ತಿತ್ತು.

ಪ್ರೀತಿಯಿಂದ ಮಾಡಿದ ಈ ಐದು ಕೆಲಸದಲ್ಲಿ ಐದೂ ತಪ್ಪು.

ಜನವರಿ ಹೊತ್ತಿಗೆ ರಂಗ ಹಗಲಲ್ಲೂ ಕಣ್ಣು ಮುಚ್ಚಿಕೊಂಡು ಕೂರೋಕೆ ಶುರು ಮಾಡಿದ. ನಿದ್ದೆ ಬಂದಿದೆ ಅಂದ್ಕೊಂಡೆ. ಅವನ ಹಿಕ್ಕೆಯಲ್ಲಿ ಬೆಳ್ಳಗಿರಬೇಕಾದ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ತಿಂದಿದ್ದರ ಬಣ್ಣ ಇರಬೇಕು ಅಂದ್ಕೊಂಡೆ. ಒಂದು ರಾತ್ರಿ ಗೂಡಿನ ಹತ್ರ ಸಣ್ಣಗೆ ಟಕ್ ಟಕ್ ಅಂತ ಸದ್ದು. ನೋಡಿದ್ರೆ ತಲೆ ಮೇಲಕ್ಕೆ ಎತ್ತಿ, ಬಾಯಿ ಅರ್ಧ ತೆರೆದು ಉಸಿರಾಡ್ತಾ ಇದ್ದ. ಬಾಯಂಚಲ್ಲಿ ನೊರೆ. ಮರುದಿನ ಸರೀಸೃಪ ನೋಡೋ ವೈದ್ಯರ ಹತ್ರ ಓಡಿದೆ. ಎಕ್ಸ್-ರೇ ತೆಗೆದ್ರು. ಶ್ವಾಸಕೋಶದ ಸೋಂಕು, ಜೊತೆಗೆ ನೀರಿನ ಕೊರತೆ. ಇಂಜೆಕ್ಷನ್ ಕೊಟ್ರು. ಆದರೆ ತಡವಾಗಿತ್ತು. ಫೆಬ್ರವರಿ ಮೊದಲ ವಾರ ರಂಗ ಹೋಗಿಬಿಟ್ಟ.

ಊಸರವಳ್ಳಿಗಳು ಕಾಯಿಲೆಯನ್ನು ಮುಚ್ಚಿಡ್ತವೆ. ಕಾಡಲ್ಲಿ ಸೋತಂತೆ ಕಂಡ್ರೆ ಯಾವುದೋ ಹಕ್ಕಿ, ಹಾವು ಬಂದು ಹಿಡಿಯುತ್ತೆ. ಅದಕ್ಕೆ ನಮ್ಮ ಕಣ್ಣಿಗೆ ಕಾಣೋ ಹೊತ್ತಿಗೆ ಕಾಯಿಲೆ ತುಂಬ ಮುಂದೆ ಹೋಗಿರುತ್ತೆ. ಇದನ್ನು ಮನಸ್ಸಲ್ಲಿ ಇಟ್ಕೊಳ್ಳಿ.

ಆಮೇಲೆ ಒಂದು ವರ್ಷ ನಾನು ಏನೂ ಸಾಕಲಿಲ್ಲ. ಓದಿದೆ. ಎಲ್ಲಿ ತಪ್ಪಾಯ್ತು ಅಂತ ಒಂದೊಂದಾಗಿ ಅರ್ಥವಾಗ್ತಾ ಬಂತು.

ಮೊದಲನೇ ತಪ್ಪು ಭೂಗೋಳದ್ದು. ಈ ಜಾತಿ ಇರೋದು ಯೆಮೆನ್ ಮತ್ತು ಅದಕ್ಕೆ ಅಂಟಿಕೊಂಡ ಸೌದಿ ಅರೇಬಿಯಾದ ನೈಋತ್ಯ ಮೂಲೆಯಲ್ಲಿ. ಆದರೆ ಮರಳಿನ ಮೇಲಲ್ಲ. ಅಲ್ಲಿ ಕೆಂಪು ಸಮುದ್ರದ ಕರಾವಳಿ ಪಕ್ಕದಲ್ಲೇ ನಮ್ಮ ಪಶ್ಚಿಮ ಘಟ್ಟದ ಥರ ಬೆಟ್ಟ ಎದ್ದು ನಿಂತಿದೆ. ಯೆಮೆನ್ ರಾಜಧಾನಿ ಸನಾ ಇರೋದೇ ಸುಮಾರು 2250 ಮೀಟರ್ ಎತ್ತರದಲ್ಲಿ, ಅಂದ್ರೆ ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ! ಈ ಊಸರವಳ್ಳಿಗಳು ಆ ಬೆಟ್ಟದ ಇಳಿಜಾರಲ್ಲಿ, ಕಣಿವೆಗಳಲ್ಲಿ, ಹೊಲಗದ್ದೆ ಪಕ್ಕದ ಗಿಡಗಂಟೆಯಲ್ಲಿ ಇರ್ತವೆ. ಹಗಲು ಬಿಸಿಲು, ಒಣಗಾಳಿ. ರಾತ್ರಿ ತಂಪು. ಸಮುದ್ರದ ಕಡೆಯಿಂದ ಏರೋ ಗಾಳಿ ತಣ್ಣಗಾಗಿ ಮಂಜು, ಇಬ್ಬನಿ. ಮಳೆ ಇಲ್ಲದ ತಿಂಗಳುಗಳಲ್ಲಿ ಆ ಪ್ರಾಣಿಗೆ ನೀರು ಸಿಗೋದು ಹೆಚ್ಚಾಗಿ ಹೀಗೇ.

ಇದನ್ನು ಓದ್ತಿದ್ದಾಗ ನನಗೆ ನೆನಪಾಗಿದ್ದು ನಮ್ಮ ತೋಟದ ಡಿಸೆಂಬರ್ ಬೆಳಗು. ಆರು ಗಂಟೆಗೆ ಕಾಫಿ ಗಿಡದ ಎಲೆ ಮೇಲೆಲ್ಲ ಇಬ್ಬನಿ, ಜೇಡರ ಬಲೆ ಮೇಲೆ ಮುತ್ತು ಪೋಣಿಸಿದ ಹಾಗೆ. ಹತ್ತು ಗಂಟೆಗೆ ನೋಡಿದ್ರೆ ಎಲ್ಲ ಒಣಗಿ ಗರಿಗರಿ. ಊಸರವಳ್ಳಿಗೆ ಬೇಕಾಗಿರೋದೂ ಇದೇ ಲಯ: ರಾತ್ರಿ ತಂಪು ಮತ್ತು ತೇವ, ಹಗಲು ಬೆಚ್ಚಗೆ ಮತ್ತು ಒಣ. ನಾನು ರಂಗನಿಗೆ ಕೊಟ್ಟಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಎರಡನೇ ತಪ್ಪು ಭೌತಶಾಸ್ತ್ರದ್ದು. ಪಿಯುಸಿಯಲ್ಲಿ ಓದಿದ್ದೆ, ಮರೆತಿದ್ದೆ. ಸುಲಭವಾಗಿ ಹೇಳ್ತೀನಿ. ಬೆಚ್ಚಗಿನ ಗಾಳಿ ದೊಡ್ಡ ಕೊಡ ಇದ್ದಂಗೆ, ತಣ್ಣನೆ ಗಾಳಿ ಸಣ್ಣ ಚೊಂಬು ಇದ್ದಂಗೆ. ತೇವಾಂಶ ಶೇಕಡಾ 50 ಅಂದ್ರೆ ಆ ಪಾತ್ರೆ ಅರ್ಧ ತುಂಬಿದೆ ಅಂತ. ಹೊರಗೆ ಮೈನಸ್ 20 ಇದ್ದಾಗ ಆ ಚೊಂಬು ಪೂರ್ತಿ ತುಂಬಿದ್ರೂ ಅದರಲ್ಲಿರೋ ನೀರು ಒಂದೆರಡು ಹನಿ. ಆ ಗಾಳಿ ಮನೆಯೊಳಗೆ ಬಂದು ಹೀಟರ್‌ನಿಂದ 21 ಡಿಗ್ರಿಗೆ ಬಿಸಿಯಾದ್ರೆ, ಅದೇ ಎರಡು ಹನಿ ಈಗ ದೊಡ್ಡ ಕೊಡದಲ್ಲಿ. ಲೆಕ್ಕ ಹಾಕಿದ್ರೆ ತೇವಾಂಶ ಶೇಕಡಾ 5ಕ್ಕಿಂತ ಕಡಿಮೆ! ಅಡುಗೆ, ಸ್ನಾನ, ನಮ್ಮ ಉಸಿರು ಎಲ್ಲ ಸೇರಿ ನಮ್ಮ ಮನೆಯಲ್ಲಿ ಅದು 15, 20ಕ್ಕೆ ಬರುತ್ತೆ. ನಮ್ಮ ತುಟಿ ಒಡೆಯೋದು, ಸ್ವೆಟರ್ ತೆಗೆದ್ರೆ ಚಟಚಟ ಅನ್ನೋದು ಇದರಿಂದಲೇ.

ಈಗ ಉಲ್ಟಾ ಯೋಚಿಸಿ. ಕೋಣೆಯ ಗಾಳಿ 22 ಡಿಗ್ರಿ, ತೇವಾಂಶ 50 ಇದೆ ಅಂದ್ಕೊಳ್ಳಿ. ಒಂದು ಹನಿ ನೀರೂ ಸೇರಿಸದೆ ಅದನ್ನು 16 ಡಿಗ್ರಿಗೆ ತಣ್ಣಗಾಗಿಸಿದ್ರೆ ತೇವಾಂಶ 70 ದಾಟುತ್ತೆ. ಅಂದ್ರೆ ತಂಪು ಮಾಡೋದೇ ತೇವದ ಅರ್ಧ ಕೆಲಸ. ನಾನು ರಾತ್ರಿಯಿಡೀ ಹೀಟರ್ ಹಾಕಿ ರಂಗನ ಸುತ್ತಲಿನ ಗಾಳಿಯನ್ನು ಇನ್ನಷ್ಟು ಬಾಯಾರಿಸಿದ್ದೆ. ಒಣಗಿದ ಬೆಚ್ಚನೆ ಗಾಳಿಯಲ್ಲಿ ಪ್ರತಿ ಉಸಿರಿಗೂ ಅವನ ಮೈಯಿಂದ ಸ್ವಲ್ಪ ನೀರು ಹೋಗ್ತಿತ್ತು.

ಮೂರನೇ ತಪ್ಪು, ಬಿಸಿ ಇದ್ದಾಗ ಮಂಜು ಕೊಟ್ಟಿದ್ದು. ಬೆಚ್ಚಗೆ, ಒದ್ದೆ, ಗಾಳಿ ಆಡದ ಜಾಗ ಅಂದ್ರೆ ಬ್ಯಾಕ್ಟೀರಿಯಾಗೆ, ಬೂಷ್ಟಿಗೆ ಮದುವೆ ಮನೆ ಊಟ. ನಾನು ಫಾಗರನ್ನು ಸರಿಯಾಗಿ ತೊಳೀತಾನೂ ಇರಲಿಲ್ಲ. ಅದರ ಟ್ಯಾಂಕಲ್ಲಿ ಏನು ಬೆಳೆದಿತ್ತೋ ಅದನ್ನೇ ಸಣ್ಣ ಹನಿ ಮಾಡಿ ಅವನ ಶ್ವಾಸಕೋಶಕ್ಕೆ ಊದ್ತಿದ್ದೆ.

ಇನ್ನು ಕೆಂಪು ಬಲ್ಬ್. ಊಸರವಳ್ಳಿಗೆ ಬಣ್ಣದ ದೃಷ್ಟಿ ಬಹಳ ಚೆನ್ನಾಗಿದೆ. ರಾತ್ರಿ ಕೆಂಪು ಬೆಳಕು ಹಾಕಿದ್ರೆ ಗೊತ್ತಾಗಲ್ಲ ಅನ್ನೋದು ಅಂಗಡಿ ಮಾತು. ಅದಕ್ಕೆ ಬೇಕಾಗಿರೋದು ಪೂರ್ತಿ ಕತ್ತಲು. ನಿದ್ದೆ ಕೆಟ್ರೆ ನಮ್ಮ ಹಾಗೇ ಅದೂ ಸೊರಗುತ್ತೆ.

ಈಗ ನನ್ನ ಹತ್ರ ಇರೋನು ಚೆನ್ನ. ಅದೇ ಜಾತಿ. ಇದು ಅವನ ನಾಲ್ಕನೇ ಚಳಿಗಾಲ. ಅವನ ಒಂದು ರಾತ್ರಿ ಹೇಗಿರುತ್ತೆ ಅಂತ ಗಡಿಯಾರದ ಪ್ರಕಾರ ಹೇಳ್ತೀನಿ. ಬೇಕಾದ್ರೆ ಬರ್ಕೊಳ್ಳಿ.

ರಾತ್ರಿ 8 ಗಂಟೆಗೆ ಎಲ್ಲ ದೀಪ ಆಫ್. ಬಿಸಿ ಬಲ್ಬ್, ಯುವಿಬಿ ಟ್ಯೂಬ್ ಎರಡೂ ಟೈಮರ್‌ನಲ್ಲಿವೆ. ದೀಪ ಆರೋ ಹೊತ್ತಿಗೆ ಎರಡು ನಿಮಿಷ ನೀರಿನ ಸಿಂಪಡಣೆ. ಎಲೆಗಳೆಲ್ಲ ಒದ್ದೆಯಾಗುತ್ತೆ. ಅದೇ ಹೊತ್ತಿಗೆ ಆ ಕೋಣೆಯ ಬಿಸಿಗಾಳಿ ಬರೋ ಕಿಂಡಿ ಮುಚ್ಚಿ, ಬಾಗಿಲು ಹಾಕ್ತೀನಿ. ಮಧ್ಯರಾತ್ರಿ ಹೊತ್ತಿಗೆ ಕೋಣೆ 16, 17 ಡಿಗ್ರಿಗೆ ಇಳಿಯುತ್ತೆ. ಬೆಂಗಳೂರಿನ ಡಿಸೆಂಬರ್ ರಾತ್ರಿ ಇರುತ್ತಲ್ಲ, ಹೆಚ್ಚುಕಮ್ಮಿ ಅಷ್ಟೇ. ಆರೋಗ್ಯವಾಗಿರೋ ದೊಡ್ಡ ವೇಲ್ಡ್ ಕಮೀಲಿಯನ್‌ಗೆ 13ರಿಂದ 18 ಡಿಗ್ರಿ ಒಳ್ಳೆ ರಾತ್ರಿ. ಮರಿಗಳಿಗೆ, ಕಾಯಿಲೆ ಬಿದ್ದವಕ್ಕೆ ಇಷ್ಟು ತಂಪು ಬೇಡ. ಅವಕ್ಕೆ ವೈದ್ಯರು ಹೇಳಿದ ಹಾಗೆ ಬೆಚ್ಚಗಿಡಬೇಕು.

ರಾತ್ರಿ 1 ಗಂಟೆಗೆ ಫಾಗರ್ ಆನ್. ಕಾಲು ಗಂಟೆ ಓಡುತ್ತೆ, ಕಾಲು ಗಂಟೆ ನಿಲ್ಲುತ್ತೆ. ಬೆಳಗ್ಗೆ 5 ಗಂಟೆಗೆ ಪೂರ್ತಿ ಬಂದ್. ಈ ಹೊತ್ತಲ್ಲಿ ಗೂಡಿನ ತೇವಾಂಶ 85ರಿಂದ 95ರವರೆಗೆ ಹೋಗುತ್ತೆ. ಗಾಳಿ ತಣ್ಣಗೆ ಇರೋದ್ರಿಂದ ಅದು ಹಾನಿಯಲ್ಲ, ಅವನಿಗೆ ಸಿಗೋ ನೀರು. ಚೆನ್ನ ಆ ಮಂಜನ್ನು ಉಸಿರಾಡ್ತಾ ಮಲಗಿರ್ತಾನೆ. ಒಂದು ಮಾತು ನೆನಪಿರಲಿ: ಕೋಣೆ 20 ಡಿಗ್ರಿಗಿಂತ ಕೆಳಗೆ ಇಳಿಯೋದೇ ಇಲ್ಲ ಅನ್ನೋ ಮನೆಯಲ್ಲಿ ರಾತ್ರಿಯೆಲ್ಲ ಮಂಜು ಕೊಡಬೇಡಿ. ಮೊದಲು ತಂಪು ಮಾಡೋ ದಾರಿ ಹುಡುಕಿ. ಆಗದಿದ್ರೆ ಸಂಜೆ, ಬೆಳಗ್ಗೆ ಸಿಂಪಡಿಸೋದಕ್ಕೆ ನಿಲ್ಲಿಸಿ.

ಬೆಳಗ್ಗೆ ಏಳೂವರೆಗೆ, ದೀಪ ಹತ್ತೋ ಮುಂಚೆ ಇನ್ನೊಮ್ಮೆ ಎರಡು ನಿಮಿಷ ಸಿಂಪಡಣೆ. ಎಂಟಕ್ಕೆ ದೀಪ ಹತ್ತುತ್ತೆ. ಚೆನ್ನ ಎದ್ದು ಎಲೆ ಮೇಲಿನ ಹನಿ ನೆಕ್ಕಿ, ನಿಧಾನವಾಗಿ ಮೇಲಿನ ಕೊಂಬೆಗೆ ಹೋಗಿ ಮೈ ಕಾಯಿಸ್ಕೊಳ್ತಾನೆ. ಆ ಕೊಂಬೆ ಹತ್ರ 29 ಡಿಗ್ರಿ ಆಸುಪಾಸು ಇರುತ್ತೆ. ಅಲ್ಲಿಂದ ಮುಂದೆ ಗೂಡು ಒಣಗಬೇಕು. ಹಗಲು ತೇವಾಂಶ 30ರಿಂದ 50 ಸಾಕು. ನಮ್ಮ ಮನೆಯಲ್ಲಿ 20ಕ್ಕೆ ಇಳಿಯೋದ್ರಿಂದ ಗೂಡಲ್ಲಿ ನಿಜವಾದ ಗಿಡಗಳನ್ನು ಇಟ್ಟಿದ್ದೀನಿ. ದುಬಾರಿ ಏನಲ್ಲ, ನಮ್ಮ ಮನಿ ಪ್ಲಾಂಟ್ ಬಳ್ಳಿ. ಮಧ್ಯಾಹ್ನ ಒಂದು ಡ್ರಿಪ್ಪರ್‌ನಿಂದ ತೊಟ ತೊಟ ನೀರು ಬೀಳುತ್ತೆ. ಊಸರವಳ್ಳಿ ಬಟ್ಟಲಲ್ಲಿ ನಿಂತ ನೀರನ್ನು ಸಾಮಾನ್ಯವಾಗಿ ಗುರುತಿಸಲ್ಲ. ಅಲುಗಾಡೋ, ಹೊಳೆಯೋ ಹನಿಯೇ ಅದಕ್ಕೆ ನೀರು.

ಗೂಡಿನ ವಿಷಯ. ಜಾಲರಿ ಗೂಡಾದ್ರೆ ಹಿಂದೆ ಮತ್ತು ಎರಡು ಪಕ್ಕ ಮಾತ್ರ ಪ್ಲಾಸ್ಟಿಕ್ ಶೀಟ್ ಕಟ್ಟಿ. ಮೇಲ್ಭಾಗ, ಮುಂದಿನ ಕೆಳಭಾಗ ತೆರೆದಿರಲಿ. ಆಗ ಕೆಳಗಿಂದ ಗಾಳಿ ಬಂದು ಮೇಲಿಂದ ಹೋಗುತ್ತೆ, ಹಳೇ ಅಡುಗೆಮನೆಯ ಹೊಗೆಗೂಡಿನ ಹಾಗೆ. ಕಿಟಕಿ ಪಕ್ಕ ಇಡಬೇಡಿ, ಬಿಸಿಗಾಳಿ ಬರೋ ಕಿಂಡಿ ಮೇಲೂ ಇಡಬೇಡಿ. ಒಳಗೋಡೆಗೆ ಒರಗಿಸಿ ಇಡಿ. ಇಲ್ಲಿಯ ಚಳಿಯಲ್ಲಿ ತೇವ ಹೊರಗೆ ಸೋರಿದ್ರೆ ಕಿಟಕಿ ಗಾಜಿನ ಒಳಗಡೆಯೇ ಐಸ್ ಕಟ್ಟುತ್ತೆ, ಆಮೇಲೆ ಕರಗಿ ಬೂಷ್ಟು ಹಿಡಿಯುತ್ತೆ. ಗಾಜಿನ ಮೇಲೆ ನೀರು ಕಂಡ್ರೆ ಫಾಗರ್ ಹೊತ್ತು ಕಡಿಮೆ ಮಾಡಿ.

ಫಾಗರ್‌ಗೆ ನಲ್ಲಿ ನೀರು ಹಾಕಬೇಡಿ, ಗಡಸು ನೀರಾದ್ರೆ ಎಲ್ಲ ಕಡೆ ಬಿಳಿ ಪುಡಿ ಕೂರುತ್ತೆ. ಡಿಸ್ಟಿಲ್ಡ್ ನೀರು ಹಾಕಿ. ಉಳಿದಿದ್ದನ್ನು ಪ್ರತಿದಿನ ಚೆಲ್ಲಿ. ವಾರಕ್ಕೊಮ್ಮೆ ಟ್ಯಾಂಕ್, ಪೈಪ್ ಎಲ್ಲ ವಿನೆಗರ್ ಹಾಕಿ ಉಜ್ಜಿ, ಚೆನ್ನಾಗಿ ತೊಳೆದು, ಒಣಗಿಸಿ. ಇದನ್ನು ಮಾಡೋಕೆ ಸೋಮಾರಿತನ ಅನ್ನಿಸಿದ್ರೆ ಫಾಗರ್ ಇಟ್ಕೊಳ್ಳದೇ ಇರೋದು ವಾಸಿ.

ಇನ್ನು ಮೀಟರ್. ನನ್ನ ಹತ್ರ ಮೊದಲು ಇದ್ದಿದ್ದು ಮುಳ್ಳು ತಿರುಗೋ ಅಗ್ಗದ ಮೀಟರ್. ಅದು ಯಾವಾಗಲೂ 50 ತೋರಿಸ್ತಿತ್ತು, ನಾನು ನಂಬಿದ್ದೆ. ಡಿಜಿಟಲ್ ತಗೊಳ್ಳಿ, ಅದನ್ನೂ ಪರೀಕ್ಷೆ ಮಾಡಿ. ಪರೀಕ್ಷೆ ಸುಲಭ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಷ್ಟು ಗಟ್ಟಿ ಆಗೋ ಹಾಗೆ ಕೆಲವು ಹನಿ ನೀರು ಬೆರೆಸಿ. ಅದನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ. ಎಂಟು ಹತ್ತು ಗಂಟೆ ಬಿಟ್ಟು ನೋಡಿದ್ರೆ ಮೀಟರ್ 75 ತೋರಿಸಬೇಕು. 70 ತೋರಿಸಿದ್ರೆ ನಿಮ್ಮ ಮೀಟರ್ 5 ಕಡಿಮೆ ಹೇಳುತ್ತೆ ಅಂತ ನೆನಪಿಟ್ಕೊಳ್ಳಿ. ಸೆನ್ಸರನ್ನು ಗೋಡೆಗೆ ಅಂಟಿಸಬೇಡಿ, ಅವನು ಮಲಗೋ ಕೊಂಬೆ ಪಕ್ಕದಲ್ಲಿ ಇಡಿ.

ಕೋಣೆ ತುಂಬ ತಣ್ಣಗಾದ್ರೆ? 10 ಡಿಗ್ರಿ ಹತ್ರ ಹೋಗೋ ಮನೆಯಾದ್ರೆ ಬೆಳಕು ಬರದ ಹೀಟರ್ ಬೇಕೇ ಬೇಕು. ಆದರೆ ಅದಕ್ಕೆ ಥರ್ಮೋಸ್ಟಾಟ್ ಕಡ್ಡಾಯ. 14ಕ್ಕೆ ಇಳಿದಾಗ ಮಾತ್ರ ಆನ್ ಆಗೋ ಹಾಗೆ ಇಡಿ. ಅದಕ್ಕೆ ಅವನ ಮೈ ತಾಗದಷ್ಟು ದೂರ ಇರಲಿ, ಸುಟ್ಟ ಗಾಯ ಆಗೋದು ಹೀಗೇ.

ಹಿಮ ಬಿರುಗಾಳಿಗೆ ಕರೆಂಟ್ ಹೋದ್ರೆ ಗಾಬರಿ ಬೇಡ. ಗೂಡಿಗೆ ಕಂಬಳಿ ಹೊದಿಸಿ, ಮೇಲೆ ಸ್ವಲ್ಪ ಕಿಂಡಿ ಬಿಡಿ. ತುಂಬ ಹೊತ್ತಾದ್ರೆ ಅವನನ್ನು ಸಣ್ಣ ಡಬ್ಬಕ್ಕೆ ಹಾಕಿ, ಪಕ್ಕದಲ್ಲಿ ಟವೆಲ್ ಸುತ್ತಿದ ಬಿಸಿನೀರ ಬಾಟಲಿ ಇಡಿ. ಆ ಹೊತ್ತಲ್ಲಿ ಊಟ ಹಾಕಬೇಡಿ, ಮೈ ತಣ್ಣಗಿದ್ರೆ ಜೀರ್ಣ ಆಗಲ್ಲ. ಮನೆಯೊಳಗೆ ಇದ್ದಿಲು, ಗ್ಯಾಸ್ ಒಲೆ ಹಚ್ಚಿ ಕೋಣೆ ಬಿಸಿ ಮಾಡೋಕೆ ಹೋಗಬೇಡಿ, ಅದು ನಿಮಗೂ ಅಪಾಯ. ವೈದ್ಯರ ಹತ್ರ ಹೋಗಬೇಕಾದ್ರೆ ಕಾರನ್ನು ಮೊದಲೇ ಬಿಸಿ ಮಾಡಿ, ಪಿಕ್ನಿಕ್‌ಗೆ ಒಯ್ಯೋ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಡಬ್ಬ ಇಟ್ಟು ಕರ್ಕೊಂಡು ಹೋಗಿ.

ಕೊನೆಗೆ, ದಿನಾ ನೋಡಬೇಕಾದ್ದು. ಕಣ್ಣು ಉಬ್ಬಿ ದುಂಡಗಿದ್ಯಾ, ಗುಳಿ ಬಿದ್ದಿದ್ಯಾ? ಹಗಲಲ್ಲಿ ಕಣ್ಣು ಮುಚ್ಚಿದ್ರೆ ಅದು ನಿದ್ದೆಯಲ್ಲ, ತೊಂದರೆ. ಹಿಕ್ಕೆಯ ಬಿಳಿ ಭಾಗ ಬೆಳ್ಳಗೇ ಇದ್ಯಾ? ಉಸಿರಲ್ಲಿ ಟಕ್ ಟಕ್ ಸದ್ದು, ಬಾಯಲ್ಲಿ ನೊರೆ ಇದ್ರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ವಾರಕ್ಕೊಮ್ಮೆ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಚೆನ್ನನ ತೂಕದ ಪಟ್ಟಿ ನನ್ನ ಫೋನಲ್ಲೇ ಇದೆ. ರಂಗನಿಗೆ ಅಂಥ ಪಟ್ಟಿ ಇದ್ದಿದ್ರೆ ಡಿಸೆಂಬರ್‌ನಲ್ಲೇ ಗೊತ್ತಾಗ್ತಿತ್ತು.

ಮೊನ್ನೆ ರಾತ್ರಿ ಹೊರಗೆ ಮೈನಸ್ 22. ನೀರು ಕುಡಿಯೋಕೆ ಎದ್ದವನು ಚೆನ್ನನ ಕೋಣೆ ಬಾಗಿಲು ಸ್ವಲ್ಪ ತೆರೆದು ನೋಡಿದೆ. ತಂಪು ಗಾಳಿ, ಒದ್ದೆ ಎಲೆಯ ವಾಸನೆ, ಥೇಟ್ ನಮ್ಮ ತೋಟದ್ದು. ಬಾಗಿಲ ಸಂದಿಯ ಬೆಳಕಲ್ಲಿ ಅವನು ಕಂಡ: ಬಾಲ ಸುರುಳಿ ಸುತ್ತಿಕೊಂಡು, ಬಣ್ಣವೆಲ್ಲ ತಿಳಿಯಾಗಿ, ಬಾಯಿ ಮುಚ್ಚಿಕೊಂಡು ನಿದ್ದೆ. ಸದ್ದಿಲ್ಲ. ಬಾಗಿಲು ಹಾಕಿ ನಾನೂ ಹೋಗಿ ಮಲಗಿದೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಜೀವ ಇದ್ರೆ ಇವತ್ತು ರಾತ್ರಿ ಒಂದೇ ಒಂದು ಕೆಲಸ ಮಾಡಿ. ಮೀಟರನ್ನು ಅವನು ಮಲಗೋ ಜಾಗದ ಪಕ್ಕ ಇಟ್ಟು, ಬೆಳಗ್ಗೆ ದೀಪ ಹಾಕೋ ಮೊದಲು ನೋಡಿ. ಉಳಿದಿದ್ದನ್ನು ಅಲ್ಲಿಂದ ಶುರು ಮಾಡಬಹುದು.